ವರ್ತನೆಗೆ ಬಂದ ಸುದ್ದಿ

ಬಾಡಿಗೆ ಕಾರು ಗಕ್ಕನೆ ನಿಂತಿತು. ಮುಂದಿನ ಗಾಜಿನಾಚೆ ಮಂಜು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಮೇಲೆ ಆ ಮಂಜಿನೊಳಗಿಂದ ಒಂದು ಮುಖ ಬಂತು. ಉದ್ದನೆಯ ಮುಖ, ಜೋತುಬಿದ್ದ ತುಟಿ, ಕಾರಿನ ಚಾವಣಿಗಿಂತ ಎತ್ತರ. ಅದರ ಹಿಂದೆ ಇನ್ನೊಂದು, ಮತ್ತೊಂದು. ಒಂಟೆಗಳು. ನಾನು ಚೀರಿಕೊಂಡೆ. ಏಳು ಒಂಟೆಗಳು ಯಾವ ಅವಸರವೂ ಇಲ್ಲದೆ ರಸ್ತೆ ದಾಟಿದವು. ಕಾರು ಮತ್ತೆ ಹೊರಟ ಮೇಲೂ ನನ್ನ ಎರಡೂ ಕೈ ಮುಂದಿನ ಸೀಟನ್ನು ಹಿಡಿದೇ ಇದ್ದವು. ಪಕ್ಕದಲ್ಲಿದ್ದ ನನ್ನ ಗಂಡ ಅಯೂಬ್ ಒಂದೊಂದೇ ಬೆರಳು ಬಿಡಿಸಿದರು.

"ಇದು ನಮ್ಮ ಬರಗೂರು ರೋಡಲ್ಲ. ಇಲ್ಲಿ ಒಂಟೆ ಅಡ್ಡ ಬಂದರೆ ಎಲ್ಲರೂ ನಿಲ್ಲಿಸ್ತಾರೆ" ಅಂದರು.

ನಾನು ಶಿರಾದವಳು. ಅಯೂಬರ ಮನೆತನದವರು ಶಿರಾದಲ್ಲಿ ಹತ್ತಿ ಹಾಸಿಗೆ ಹೊಲಿಯುತ್ತಿದ್ದರು. ಈಗ ಅಯೂಬ್ ಒಮಾನ್ ದೇಶದ ದಕ್ಷಿಣ ತುದಿಯಲ್ಲಿರುವ ಸಲಾಲಾ ಎಂಬ ಸಮುದ್ರದ ಊರಿನಲ್ಲಿ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹಾಕುವ ಕೆಲಸ ಮಾಡುತ್ತಾರೆ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಹಗಲೂ ರಾತ್ರಿ ಜಿನುಗು ಮಳೆ. ಅದಕ್ಕೆ ಇಲ್ಲಿಯವರು ಖರೀಫ್ ಅನ್ನುತ್ತಾರೆ. ನಮ್ಮ ಕೃಷಿ ಇಲಾಖೆಯ ಬೋರ್ಡಿನಲ್ಲಿ ಮುಂಗಾರು ಬೆಳೆಗೆ ಬರೆಯುತ್ತಾರಲ್ಲ, ಅದೇ ಮಾತು. ಮರಳುಗಾಡಿನ ಊರುಗಳಿಂದ ಜನ ದಿನಗಟ್ಟಲೆ ಕಾರು ಓಡಿಸಿಕೊಂಡು, ನೆನೆಯಲಿಕ್ಕೆಂದೇ ಇಲ್ಲಿಗೆ ಬರುತ್ತಾರೆ. ಶಿರಾದಲ್ಲಿ ಒಂದು ಮಳೆಗೆ ಒಂದು ತಿಂಗಳು ಕಾದವಳಿಗೆ ಇದು ಸುಖವಾಗಬೇಕಿತ್ತು. ಆಗಲಿಲ್ಲ. ನಮ್ಮ ಎರಡು ಕೋಣೆಯ ಮನೆಯ ಗೋಡೆಗಳು ಬೆವರುತ್ತಿದ್ದವು. ಅಮ್ಮಿ ಕಟ್ಟಿಕೊಟ್ಟ ಉಪ್ಪಿನಕಾಯಿಗೆ ಬೂಸ್ಟು ಹಿಡಿಯಿತು. ಕಿಟಕಿ ತೆರೆದರೆ ಎದುರಿನ ಬೀದಿ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಅಂಗಡಿಗಳ ಬೋರ್ಡು ಅರಬ್ಬಿಯಲ್ಲಿ. ಮನೆಯಲ್ಲಿ ಉರ್ದು ಕಲಿತವಳಾದ್ದರಿಂದ ಅಕ್ಷರಗಳನ್ನು ಕೂಡಿಸಿ ಓದುತ್ತೇನೆ, ಅರ್ಥ ಮಾತ್ರ ಆಗುವುದಿಲ್ಲ. ಪರಂಗಿ ಹಣ್ಣಿನ ಅಂಗಡಿಯವನಿಗೆ ಮೊದಲ ಸಲ "ಬಿಕಮ್?", ಅಂದರೆ ಎಷ್ಟು, ಎಂದು ಕೇಳಿ, ಅವನು ಹೇಳಿದ್ದು ತಿಳಿದ ದಿನ ಮನೆಗೆ ಬಂದು ಅಯೂಬರಿಗೆ ಮೂರು ಸಲ ಹೇಳಿದೆ. ಮಲಯಾಳಿ ಅಂಗಡಿಯಲ್ಲಿ ಪುಟ್ಟು ಮಾಡಲೆಂದು ಇಟ್ಟಿದ್ದ ರಾಗಿಹಿಟ್ಟು ತಂದು ಮುದ್ದೆ ತಿರುವಿದ ದಿನವೂ ಹಾಗೆಯೇ. ಇನ್ನು, ನಮ್ಮಲ್ಲಿ ಗುರುವಾರ ಸಂಜೆ ಮನೆಮನೆಯಲ್ಲಿ ಹಾಕುವ ಲೋಬಾನದ ಹೊಗೆ ಇಲ್ಲಿ ಪ್ರತಿ ಬೀದಿಯಲ್ಲೂ. ಅದರ ಮರವೇ ಇಲ್ಲಿಯದು. ಹೊರಗೆ ಎಲ್ಲವೂ ಅಪರಿಚಿತ, ಉಸಿರೆಳೆದರೆ ನಮ್ಮ ಮನೆ.

ನಾನು ಇಲ್ಲಿಗೆ ಬಂದದ್ದು ಗಂಡನ ಜೊತೆ ಇರಲು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ನಿಜ. ಒಂದು ಬಸ್ಸಿನಿಂದ ದೂರ ಹೋಗಲು ಬಂದೆ ಎಂಬುದೂ ನಿಜ.

ಬರಗೂರಿನ ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಶಿರಾದಿಂದ ಬೆಳಿಗ್ಗೆ ಎಂಟೂವರೆಯ ಬಸ್ಸು. ಅದೇ ಬಸ್ಸಿಗೆ ಕರಿಯಮ್ಮಜ್ಜಿ ಬರುತ್ತಿದ್ದಳು. ನಸುಕಿನಲ್ಲೇ ಶಿರಾಕ್ಕೆ ಬಂದು, ಸೇವಂತಿಗೆ ಮಾರಿ, ಕೆಲವು ಮನೆಗಳಿಗೆ ದಿನಾ ಇಷ್ಟೆಂದು ಗೊತ್ತು ಮಾಡಿದ ವರ್ತನೆ ಹೂವು ಕೊಟ್ಟು, ಖಾಲಿ ಪುಟ್ಟಿಯೊಂದಿಗೆ ಊರಿಗೆ ಮರಳುವವಳು. ನಮ್ಮ ಮನೆಗೂ ಅವಳದೇ ವರ್ತನೆ. ಮೊದಲ ಸ್ಟಾಪಿನಲ್ಲೇ ಹತ್ತುತ್ತಿದ್ದರಿಂದ ಅವಳಿಗೆ ಸೀಟು ಖಾತ್ರಿ. ನನಗೆ ನಿಲ್ಲುವುದೇ ಗತಿ.

"ಬಾ ಮಿಸ್ಸಮ್ಮಾ, ಇವತ್ತೂ ನಿಂತ್ಕಂಡೇ ಬರ್ತೀಯಾ? ಬ್ಯಾಗ್ ಇತ್ತ ತಾ" ಅನ್ನುವಳು. "ಇದ್ರಾಗೇನ್ ಕಲ್ಲು ತುಂಬ್ಕಂಡಿದ್ದೀಯಾ?"

"ಹುಡುಗ್ರ ನೋಟ್‌ಬುಕ್ಕು ಕಣಜ್ಜಿ."

"ತಪ್ಪು ಬರ್ದಿರೋವೇ ಜಾಸ್ತಿ ಭಾರ, ಬುಡು."

ನಮ್ಮ ಬಸ್ಸುಗಳಲ್ಲಿ ನಿಂತವರ ಚೀಲವನ್ನು ಕೂತವರು ಮಡಿಲಲ್ಲಿ ಇಟ್ಟುಕೊಳ್ಳುವುದು ನಿಮಗೆಲ್ಲ ಗೊತ್ತೇ ಇದೆ. ಯಾರೂ ಕೇಳುವುದಿಲ್ಲ, ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ.

ಮೂರು ವರ್ಷದ ಹಿಂದೆ, ಕೆರೆ ಏರಿ ಮುಗಿದು ರಸ್ತೆ ಎಡಕ್ಕೆ ತಿರುಗುವ ಕಡೆ ಆ ಬಸ್ಸು ಬಲಕ್ಕೆ ಮಗುಚಿತು. ನಾನು ಕಂಡದ್ದು ಇಷ್ಟು: ಹಾರನ್ ಎರಡು ಸಲ ಆಯಿತು. ಅಜ್ಜಿಯ ಪುಟ್ಟಿ ಮೇಲಕ್ಕೆ ಹಾರಿ ಚಾವಣಿಗೆ ಬಡಿಯಿತು. ಯಾರದೋ ಟಿಫಿನ್ ಡಬ್ಬಿಯ ಮುಚ್ಚಳ ನನ್ನ ಮುಖದ ಮುಂದೆ ಹಾದುಹೋಯಿತು. ಅಲ್ಲಿಗೆ ಮುಗಿಯಿತು. ಎಚ್ಚರವಾದದ್ದು ಮಾರನೆಯ ದಿನ, ತುಮಕೂರಿನ ಆಸ್ಪತ್ರೆಯಲ್ಲಿ. ಕತ್ತಿನ ಮೂಳೆ, ಎರಡು ಪಕ್ಕೆಲುಬು ಮುರಿದಿದ್ದವು. ಕರಿಯಮ್ಮಜ್ಜಿ ಹೋಗಿಬಿಟ್ಟಳು ಎಂದು ತಂಗಿ ನಸೀಮಾ ಹೇಳಿದಳು. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರು, "ಕಂಡಿದ್ದು ಮಾತ್ರ ಹೇಳಮ್ಮ, ಅಂದ್ಕೊಂಡಿದ್ದು ಬೇಡ" ಅಂದರು. ಅಂದಿನಿಂದ ಅದು ನನಗೆ ಅಭ್ಯಾಸವಾಗಿದೆ. ನನ್ನ ಚೀಲ ಹಿಂದಕ್ಕೆ ಬಂದಾಗ ಅದರ ಹಿಡಿಯನ್ನು ಯಾರೋ ಕತ್ತರಿಸಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಮತ್ತೆ ಆ ಬಸ್ಸು ಹತ್ತಲು ನನ್ನಿಂದ ಆಗಲಿಲ್ಲ. ಹೆಡ್‌ಮಾಸ್ಟರರನ್ನು ಕೇಳಿ, ನನ್ನ ಜಾಗಕ್ಕೆ ನಸೀಮಾಳನ್ನು ಸೇರಿಸಿದೆ. ಅವಳಿಗೂ ಕೆಲಸ ಬೇಕಿತ್ತು. ಅಂದರೆ ನಾನು ಹತ್ತಲಾರದ ಬಸ್ಸಿಗೆ ನನ್ನ ತಂಗಿಯನ್ನು ಹತ್ತಿಸಿ, ನಾನು ವಿಮಾನ ಹತ್ತಿ ಬಂದೆ. ಇದನ್ನು ಬೇರೆ ರೀತಿಯಲ್ಲಿ ಹೇಳಲು ಪ್ರಯತ್ನಿಸಿದ್ದೇನೆ. ಬರುವುದಿಲ್ಲ.

ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆಯ ವ್ಯತ್ಯಾಸ. ಇಲ್ಲಿ ಬೆಳಿಗ್ಗೆ ಏಳಕ್ಕೆ ಅವಳ ಬಸ್ಸು ಹೊರಡುತ್ತದೆ. ಏಳು ಐವತ್ತರ ಸುಮಾರಿಗೆ "ಇಳಿದೆ ಆಪಾ" ಎಂದು ಮೆಸೇಜು ಬರುತ್ತದೆ. ಆ ಐವತ್ತು ನಿಮಿಷ ನಾನು ಒಲೆ ಹಚ್ಚುತ್ತಿರಲಿಲ್ಲ. ಕೆಲವು ದಿನ ಅವಳು ಮರೆಯುತ್ತಿದ್ದಳು. ಆ ದಿನಗಳಲ್ಲಿ ವಾಟ್ಸಾಪ್ ಗುಂಪುಗಳನ್ನು ನೋಡುತ್ತ ಕೂರುತ್ತಿದ್ದೆ. ಅಲ್ಲಿ ದಿನಾ ಯಾವುದೋ ಬಸ್ಸು ಬಿದ್ದಿರುತ್ತಿತ್ತು, ಎಲ್ಲೋ ಮಕ್ಕಳ ಕಳ್ಳರು ಬಂದಿರುತ್ತಿದ್ದರು, ಶಿರಾದಲ್ಲಿ ಗಲಾಟೆ ಆಗಿರುತ್ತಿತ್ತು. ಯಾವ ಊರಿನದು, ಯಾವ ವರ್ಷದ್ದು, ಯಾರು ಕಂಡದ್ದು ಎಂಬುದು ಇರುತ್ತಿರಲಿಲ್ಲ.

ಕೆಳಗಿನ ಮನೆಯ ರೋಸಿ ಚೇಚಿ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ನಾನು ನಿಮಿಷಕ್ಕೊಮ್ಮೆ ಫೋನ್ ತೆರೆಯುವುದನ್ನು ನೋಡಿ, ಔಷಧಿ ಕೊಡುತ್ತಾಳೆ ಅಂದುಕೊಂಡೆ. ಅವಳು ನನ್ನ ಫೋನ್ ಇಸಿದುಕೊಂಡಳು. ನಮ್ಮಿಬ್ಬರದು ಹರಕು ಹಿಂದಿ.

"ಇವೆಲ್ಲ ನಿನ್ನನ್ನು ಹುಡುಕಿಕೊಂಡು ಬರುವ ಸುದ್ದಿ. ನಿನಗೆ ಬೇಕಾದ ಸುದ್ದಿಯನ್ನು ನೀನು ಗೊತ್ತು ಮಾಡಿಕೋ" ಅಂದಳು.

ಅವಳು ತೋರಿಸಿದ್ದು ಫೀಡ್ ಎಂಬ ಏರ್ಪಾಡು. ನನ್ನಂತೆ ದೂರ ಇರುವವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಬಹಳಷ್ಟು ವೆಬ್‌ಸೈಟುಗಳು, ತಮ್ಮಲ್ಲಿ ಹೊಸದಾಗಿ ಏನೇನು ಸೇರಿತು ಎಂಬ ಪಟ್ಟಿಯೊಂದನ್ನು ಬೇರೆ ವಿಳಾಸದಲ್ಲಿ ಇಟ್ಟಿರುತ್ತವೆ. ಕೆಲವು ಸೈಟುಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಚೌಕ, ಅದರ ಮೂಲೆಯಲ್ಲಿ ಒಂದು ಚುಕ್ಕೆ, ಚುಕ್ಕೆಯ ಮೇಲೆ ಎರಡು ಕಮಾನು ಕಾಣಿಸುತ್ತವೆ. ಅದೇ ಗುರುತು. ಫೋನಿನಲ್ಲಿ ಫೀಡ್ ರೀಡರ್ ಎಂಬ ಆ್ಯಪ್ ಹಾಕಿಕೊಂಡು ಸೈಟಿನ ವಿಳಾಸ ಕೊಟ್ಟರೆ, ಅದು ಆ ಪಟ್ಟಿಯನ್ನು ಆಗಾಗ ಹೋಗಿ ನೋಡಿ, ಹೊಸದಿದ್ದರೆ ತಂದು ಮುಂದಿಡುತ್ತದೆ. ನೀವು ಹೇಳದ ಯಾವುದನ್ನೂ ತರುವುದಿಲ್ಲ. ನಿಮ್ಮ ಹೆಸರು, ನಂಬರು ಯಾವ ಸೈಟಿಗೂ ಹೋಗುವುದಿಲ್ಲ. ಯಾವುದು ಮೊದಲು ಬಂತೋ ಅದು ಕೆಳಗೆ, ಆಮೇಲಿನದು ಮೇಲೆ. ನನಗೆ ತಕ್ಷಣ ನೆನಪಾದದ್ದು ವರ್ತನೆ. ಸಂತೆಯ ಗಲಾಟೆಗೆ ಹೋಗದೆ, ಗೊತ್ತಿರುವ ಕೈಯಿಂದ, ಬೇಕಾದಷ್ಟೇ ಹೂವು ದಿನಾ ಬಾಗಿಲಿಗೆ ಬರುವುದು.

ನಾಲ್ಕು ಸೈಟುಗಳಿಗೆ ವರ್ತನೆ ಹಾಕಿದೆ. ಕೊರಟಗೆರೆ ಕಡೆಯ ಹೊಳವನಹಳ್ಳಿಯಿಂದ ಒಬ್ಬ ಹೆಂಗಸು ಅಡುಗೆ ಬರೆಯುತ್ತಾರೆ. ಮಧುಗಿರಿಯ ಬೆಟ್ಟವನ್ನು ಒಂದೇ ಕಿಟಕಿಯಿಂದ ಫೋಟೊ ತೆಗೆದು ಹಾಕುವವರೊಬ್ಬರಿದ್ದಾರೆ. ಪಾವಗಡದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ತೆಲುಗು ಬೆರೆತ ಕನ್ನಡದಲ್ಲಿ, ತಾವು ಕಾಗದ ಹಂಚಿದ ಮನೆಗಳ ಕಥೆ ಬರೆಯುತ್ತಾರೆ. ನಾಲ್ಕನೆಯದು ಶಿರಾದ ಒಂದು ಪುಟ್ಟ ಸುದ್ದಿ ಸೈಟು. ಅದನ್ನು ಎಲ್ಲಕ್ಕಿಂತ ಮೇಲಿಟ್ಟೆ. ಜೊತೆಗೆ, ಆ ಸೈಟಿನ ತಲೆಬರಹದಲ್ಲಿ "ಬರಗೂರು" ಎಂಬ ಪದ ಬಂದರೆ ಮಾತ್ರ ಗಂಟೆ ಹೊಡೆ, ಉಳಿದದ್ದು ಸುಮ್ಮನಿರಲಿ ಎಂದು ಗೊತ್ತು ಮಾಡಿದೆ. ಗಂಟೆ ಹೊಡೆಯಲಿಲ್ಲವೆಂದರೆ ಬಸ್ಸು ತಲುಪಿದೆ. ಎಂಟು ತಿಂಗಳು ಹಾಗೆ ಬದುಕಿದೆ. ಒಲೆ ಹಚ್ಚಲು ಶುರುಮಾಡಿದೆ.

ಮಾರ್ಚಿನ ಒಂದು ಬೆಳಿಗ್ಗೆ "ಇಳಿದೆ ಆಪಾ" ಬರಲಿಲ್ಲ. ಎಂಟು ಗಂಟೆಯಾಯಿತು. ಎಂಟು ಹತ್ತಕ್ಕೆ ಗಂಟೆ ಹೊಡೆಯಿತು.

"ಬರಗೂರು ಬಳಿ ಬಸ್ ಪಲ್ಟಿ: ಶಿಕ್ಷಕಿ ಸಾವು."

ಅದರ ಕೆಳಗೆ ಒಂದು ಸಾಲು. "ಶಿರಾ: ತಾಲ್ಲೂಕಿನ ಬರಗೂರು ಸಮೀಪ ಇಂದು ಬೆಳಿಗ್ಗೆ ಖಾಸಗಿ ಬಸ್ ಮಗುಚಿ ಶಾಲಾ ಶಿಕ್ಷಕಿಯೊಬ್ಬರು ಸ್ಥಳದಲ್ಲೇ" ಎಂದು ಬರೆದು ಮೂರು ಚುಕ್ಕೆ ಇಟ್ಟಿತ್ತು. ಆ ಸೈಟು ಫೀಡಿಗೆ ಕೊಡುವುದು ಇಷ್ಟೇ. ಪೂರ್ತಿ ಓದಲು ಸೈಟಿಗೆ ಹೋಗಬೇಕು. ಒತ್ತಿದೆ. ಬಿಳಿ ಪುಟ. "ಹೊಸ ಜಾಗಕ್ಕೆ ಹೋಗುತ್ತಿದ್ದೇವೆ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ." ಆ ಮಾತು ಏನು ಹೇಳುತ್ತಿದೆ ಎಂದು ಯೋಚಿಸುವ ಸ್ಥಿತಿ ನನ್ನದಾಗಿರಲಿಲ್ಲ. ಸುದ್ದಿಯ ಪಕ್ಕದ ತಾರೀಖು ನೋಡಿದೆ. ಅಂದಿನದೇ.

ನಸೀಮಾಳಿಗೆ ಮಾಡಿದೆ. ಸ್ವಿಚ್ ಆಫ್. ಹೆಡ್‌ಮಾಸ್ಟರರಿಗೆ ಮಾಡಿದೆ. ಎತ್ತಲಿಲ್ಲ. ಅಮ್ಮಿಯ ಹೆಸರಿನ ಮೇಲೆ ಬೆರಳಿಟ್ಟು ತೆಗೆದೆ. ಅಮ್ಮಿಗೆ ರಕ್ತದೊತ್ತಡ. ಅವಳಿಗೆ ಗೊತ್ತಿಲ್ಲದಿದ್ದರೆ ಹೇಳುವವಳು ನಾನಾಗುತ್ತೇನೆ. ಗೊತ್ತಿದ್ದರೆ ಅವಳ ದನಿ ಕೇಳಬೇಕಾಗುತ್ತದೆ. ಮತ್ತೆ ಮತ್ತೆ ನಸೀಮಾ. ಮತ್ತೆ ಸ್ವಿಚ್ ಆಫ್. ಅದು ಹೀಗೆ ಆಗುತ್ತದೆ ಎಂದು ನನಗೆ ಮೂರು ವರ್ಷದಿಂದ ಗೊತ್ತಿತ್ತು. ಅದೇ ತಿರುವು. ನನ್ನದೇ ಜಾಗ.

ಚಪ್ಪಲಿ ಇಲ್ಲದೆ ಮೆಟ್ಟಿಲಿಳಿದು ಚೇಚಿಯ ಬಾಗಿಲು ಬಡಿದು, ತಲೆಬರಹವನ್ನು ಹಿಂದಿಯಲ್ಲಿ ಹೇಳಿದೆ. ಅವಳು ಫೋನ್ ನೋಡುತ್ತಲೇ, ರೂಢಿಯಂತೆ ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು.

"ಬರೆದವನನ್ನು ಬಿಡು. ಕಣ್ಣಿಂದ ಕಂಡವರು ಯಾರಾದರೂ ಅಲ್ಲಿದ್ದಾರಾ? ಅವರನ್ನು ಕೇಳು" ಅಂದಳು.

ಬರಗೂರು ಬಸ್ ಸ್ಟಾಪಿನ ಎದುರು ತಿಮ್ಮಣ್ಣನ ಹೋಟೆಲು. ಶಾಲೆಗೆ ಟೀ ತರಿಸುತ್ತಿದ್ದ ಕಾಲದ ನಂಬರು ಇನ್ನೂ ಇತ್ತು. ನಾಲ್ಕನೆಯ ರಿಂಗಿಗೆ ಎತ್ತಿದ.

"ತಿಮ್ಮಣ್ಣ, ನಾನು ಶಾಹಿನಾ ಮಿಸ್ಸು."

"ಓಹೋ! ದುಬೈಗ್ ಹೋಗ್ಬುಟ್ರಂತೆ? ನಮ್ನೆಲ್ಲಾ ಮರ್ತೇಬುಟ್ರಿ ಬುಡಿ."

"ಎಂಟೂವರೆ ಬಸ್ಸು ಬಂತಾ ತಿಮ್ಮಣ್ಣ?"

"ಬಂದು, ಇಳ್ಸಿ, ಹೋಗೂ ಆಯ್ತಲ್ಲ. ಯಾಕ್ ಮಿಸ್ಸೇ?"

"ನಸೀಮಾ ಇಳಿದಳಾ? ನೀವು ನೋಡಿದ್ರಾ?"

"ನೋಡ್ದೆ ಏನು! ಟೀ ಕುಡ್ಕಂಡ್ ಹೋಗವ್ವ ಅಂದೆ. ಪರೀಕ್ಷೆ ಐತೆ, ಟೈಮಾಯ್ತು ಅಂತ ಓಡೋಯ್ತು. ಪರೀಕ್ಷೆ ದಿಸ ಫೋನೆಲ್ಲಾ ಬೀರುಗೆ ಹಾಕಿ ಬೀಗ ಜಡೀತಾರೆ, ಎತ್ತಲ್ಲ."

"ನಸೀಮಾನೇನಾ? ಸರಿಯಾಗಿ ನೋಡಿದ್ರಾ ತಿಮ್ಮಣ್ಣ?"

"ಎಲ್ಡ್ ಕಣ್ಣಲ್ಲಿ ನೋಡೀವ್ನಿ ಕಣವ್ವ. ಮೂರ್ನೇದು ನಂಗೆಲ್ಲೈತೆ?"

ನಾನು ಚೇಚಿಯ ಹೊಸಿಲ ಮೇಲೆ ಕೂತೆ. ಗೋಡೆಯ ಗಡಿಯಾರದಲ್ಲಿ ಎಂಟು ಮೂವತ್ತೆರಡು. ಹಾಗಾದರೆ ಇದೇನು ಎಂದು ತಲೆಬರಹವನ್ನು ತಿಮ್ಮಣ್ಣನಿಗೆ ಓದಿ ಹೇಳಿದೆ. ಅವನು ಬಾಣಲೆಯ ಸದ್ದಿನಿಂದ ದೂರ ಸರಿದದ್ದು ಫೋನಿನಲ್ಲೇ ತಿಳಿಯಿತು. ಆಮೇಲೆ ಅವನು ದನಿ ತಗ್ಗಿಸಿದ.

"ಮಿಸ್ಸೇ, ಅದು ಇವತ್ತಿಂದಲ್ಲ. ಅದು ಹಳೇದು. ಅದು ನಿಮ್ದೇ ಕಣವ್ವ."

"ನಂದು ಅಂದ್ರೆ?"

"ಅವತ್ತು ನಾವೆಲ್ಲಾ ಓಡೋದ್ವಿ. ಕರಿಯಮ್ಮಜ್ಜೀನ ಆಚೆ ಎಳೆದು ಮಕಕ್ಕೆ ಟವಲ್ ಹಾಕಿದ್ರು. ಅದರ ಕೈಯಾಗೆ ನಿಮ್ ಬ್ಯಾಗು. ಹೆಂಗ್ ಹಿಡ್ಕಂಡಿತ್ತು ಅಂದ್ರೆ ಬಿಡ್ಸಾಕೇ ಆಗ್ಲಿಲ್ಲ, ಆಮೇಲ್ ಹಿಡೀನೇ ಕುಯ್ದ್ರು. ಸುದ್ದಿ ಬರೆಯೋನು ಬಂದ, ಬ್ಯಾಗಲ್ಲಿದ್ದ ಕಾರ್ಡ್ ಓದ್ದ. 'ಸ್ಕೂಲ್ ಮಿಸ್ಸಾ?' ಅಂದ. ನಾನೇ ಹೂಂ ಅಂದ್ಬುಟ್ಟೆ. ಬ್ಯಾಗ್ ಗುರ್ತಿತ್ತು ನಂಗೆ. ಟವಲ್ ಎತ್ತಿ ನೋಡಾಕ್ ಧೈರ್ಯ ಬರ್ಲಿಲ್ಲ. ಹೇಳ್ಬೇಕು ಅಂತಿದ್ದೆ. ನೀವು ಹೊಂಟೋದ್ರಿ."

ಆಸ್ಪತ್ರೆಯಲ್ಲಿದ್ದ ನಾನು ಆ ದಿನದ ಯಾವ ಸುದ್ದಿಯನ್ನೂ ಓದಿರಲಿಲ್ಲ. ಓದುವ ಧೈರ್ಯ ಆಮೇಲೆಯೂ ಬಂದಿರಲಿಲ್ಲ. ತಂಗಿಯದೆಂದು ಇಪ್ಪತ್ತೆರಡು ನಿಮಿಷ ನಾನು ಕೈಯಲ್ಲಿ ಹಿಡಿದಿದ್ದು ನನ್ನದೇ ಸಾವಿನ ಸುದ್ದಿ.

ಚೇಚಿ ಆ್ಯಪಿನಲ್ಲಿ ಗಂಟೆ ಹೊಡೆಯದೆ ಸುಮ್ಮನೆ ಬಿದ್ದಿದ್ದ ಉಳಿದ ಸುದ್ದಿಗಳನ್ನು ತೆರೆದಳು. ಒಟ್ಟು ಅರವತ್ತು ಬಂದಿದ್ದವು. ಹೋದ ವರ್ಷಗಳ ಶೇಂಗಾ ಧಾರಣೆ, ಮುಗಿದುಹೋದ ನೇಮಕಾತಿ, ಎಂದೋ ತುಂಬಿದ ಕೆರೆ. ಎಲ್ಲದರ ಮೇಲೂ ಇವತ್ತಿನ ತಾರೀಖು. ಸೈಟಿನವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಂಟುಮೂಟೆ ಸಾಗಿಸಿದ್ದರು. ಪ್ರತಿ ಸುದ್ದಿಗೂ ಫೀಡಿನಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದಂತೆ. ಅದನ್ನು ನೋಡಿಯೇ ಆ್ಯಪಿಗೆ ಇದು ಹಳೆಯದು, ಇದು ಹೊಸದು ಎಂದು ಗೊತ್ತಾಗುವುದು. ಜಾಗ ಬದಲಾದಾಗ ಸಂಖ್ಯೆಗಳೂ ಬದಲಾಗಿ, ಹಳೆಯದೆಲ್ಲ ಹೊಸದಾಗಿ ಬಾಗಿಲಿಗೆ ಬಂದಿತ್ತು. "ಮನೆ ಬದಲಿಸಿದಾಗ ಹೀಗೇ, ಅಟ್ಟದ ಮೇಲಿನದು ಮೊದಲು ಕೈಗೆ ಬರುತ್ತೆ" ಅಂದಳು ಚೇಚಿ.

ನನ್ನ ಸಾವಿನ ಸುದ್ದಿಯ ನೆತ್ತಿಯ ಮೇಲೇ ಇನ್ನೊಂದು ಸುದ್ದಿ ಇತ್ತು. "ಬಸ್ ಅಪಘಾತ: ಮೃತರು ಶಿಕ್ಷಕಿ ಅಲ್ಲ." ಅದೇ ದಿನ ಸ್ವಲ್ಪ ಹೊತ್ತಿನ ಮೇಲೆ ಹಾಕಿದ ತಿದ್ದುಪಡಿ. ಅದರ ತಲೆಬರಹದಲ್ಲಿ ಬರಗೂರು ಎಂಬ ಪದ ಇರಲಿಲ್ಲ. ಗಂಟೆ ಹೊಡೆಯಲಿಲ್ಲ. ಹಾಗೆ ಗೊತ್ತು ಮಾಡಿದವಳು ನಾನೇ. ಭಯದ ಒಂದು ಪದವನ್ನು ಕೊಟ್ಟು ಅದನ್ನೇ ಹುಡುಕಿ ತಾ ಎಂದಿದ್ದೆ. ಅದು ತಂದುಕೊಟ್ಟಿತ್ತು.

ಮಧ್ಯಾಹ್ನ ನಸೀಮಾ ಫೋನ್ ಮಾಡಿದಳು. ಮನೆಯ ಮಾತು ನಮ್ಮಿಬ್ಬರಿಗೂ ಉರ್ದು. ಶಾಲೆಯ, ಬಸ್ಸಿನ ಮಾತು ಬಂದರೆ ತಾನಾಗಿ ಕನ್ನಡಕ್ಕೆ ಬರುತ್ತೇವೆ.

"ಏನ್ ಆಪಾ ಇದು, ಫೋನ್ ಆನ್ ಮಾಡಿದ್ರೆ ಮೂವತ್ತೊಂದು ಮಿಸ್ಡ್ ಕಾಲಿನ ಮೆಸೇಜು! ನಮ್ಮ ಹೆಡ್‌ಮಾಸ್ಟ್ರು ಏನಂದ್ರು ಗೊತ್ತಾ? 'ನಿಮ್ಮಕ್ಕಂಗೆ ಅಲ್ಲಿ ಕೆಲ್ಸ ಇಲ್ವೇನಮ್ಮ' ಅಂದ್ರು."

ನಾನು ನಗಲಿಲ್ಲ. ಹೇಳಿದೆ. ಅವಳು ಮೊದಲು ಕೇಳಿದ್ದು ಅಮ್ಮಿಯ ವಿಷಯ.

"ಅಮ್ಮಿಗೆ ಫೋನ್ ಮಾಡಿದ್ಯಾ?"

"ಇಲ್ಲ."

"ಒಳ್ಳೇದಾಯ್ತು. ಅವತ್ತು ಆ ಸುದ್ದೀನ ಪಕ್ಕದ ಮನೆಯವರು ತಂದು ಅಮ್ಮಿಗೆ ತೋರಿಸಿದ್ರು. ನಿನ್ನ ವಿಷಯ ಸರಿಯಾಗಿ ಗೊತ್ತಾಗೋಕೆ ಅರ್ಧ ಗಂಟೆ ಹಿಡೀತು. ಅಮ್ಮಿ ಅಳಲೇ ಇಲ್ಲ ಆಪಾ. ನಿನ್ನ ಬಟ್ಟೆ ಎಲ್ಲಾ ಬೀರುವಿಂದ ತೆಗೆದು, ಬಿಚ್ಚಿ, ಮತ್ತೆ ಮಡಿಸ್ತಾ ಕೂತಿದ್ಳು. ಇಸ್ತ್ರಿ ಮಾಡಿರೋದನ್ನೂ ಬಿಚ್ಚಿ ಮಡಿಸಿದ್ಳು. ನಿನಗೆ ಹೇಳಬಾರದು ಅಂತ ಅಬ್ಬಾ ನಮ್ಮೆಲ್ಲರ ಹತ್ರ ಮಾತು ತಗೊಂಡಿದ್ರು."

ನನ್ನದು ಇಪ್ಪತ್ತೆರಡು ನಿಮಿಷ. ಅಮ್ಮಿಯದು ಅರ್ಧ ಗಂಟೆ. ಕರಿಯಮ್ಮಜ್ಜಿಯ ಮನೆಯವರದು ಯಾವಾಗ ಶುರುವಾಯಿತೋ ಗೊತ್ತಿಲ್ಲ. ಸತ್ತವಳು ಮಿಸ್ಸು ಎಂದು ಊರೆಲ್ಲ ಅನ್ನುತ್ತಿದ್ದ ಆ ಹೊತ್ತಿನಲ್ಲಿ ಅವರು ಅಜ್ಜಿಗಾಗಿ ಎಲ್ಲಿ ಹುಡುಕುತ್ತಿದ್ದರೋ. ಅದು ನನಗೆ ಮೂರು ವರ್ಷ ಹೊಳೆದಿರಲೇ ಇಲ್ಲ.

ಸೈಟಿನವರಿಗೆ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು. ತಪ್ಪಾಯಿತು ಮೇಡಂ, ಆ ಸುದ್ದಿಯನ್ನು ಅಳಿಸಿಬಿಡುತ್ತೇವೆ ಎಂದಿದ್ದರು. ಅಳಿಸಬೇಡಿ, ತಿದ್ದಿ, ನಿಜವಾದ ತಾರೀಖು ಹಾಕಿ, ಹೋದವಳ ಹೆಸರು ಬರೆಯಿರಿ ಎಂದು ಕೇಳಿದೆ. ಅವರು ಹಾಗೆಯೇ ಮಾಡಿದರು. ತಿದ್ದಿ ಹೊಸದಾಗಿ ಹಾಕಿದ್ದರಿಂದ ಅದು ನನ್ನ ಫೀಡಿಗೆ ಮತ್ತೊಮ್ಮೆ ಬಂತು. ಗಂಟೆಯೂ ಹೊಡೆಯಿತು. "ಬರಗೂರು ಬಳಿ ಬಸ್ ಪಲ್ಟಿ: ಹೂವಿನ ಕರಿಯಮ್ಮ ಸಾವು." ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಬರಗೂರು ಎಂಬ ಪದಕ್ಕೆ ಹಾಕಿದ್ದ ಗಂಟೆಯನ್ನು ತೆಗೆದಿದ್ದೇನೆ. ಈಗ ಎಲ್ಲವನ್ನೂ ಓದುತ್ತೇನೆ, ಶೇಂಗಾ ಧಾರಣೆಯನ್ನೂ.

ಈ ಜುಲೈಯಿಂದ ಚೇಚಿಯ ಕ್ಲಿನಿಕ್ಕಿನಲ್ಲಿ, ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಸಿಕ್ಕಿದೆ. ಬಸ್ಸಿನಲ್ಲಿ ಹೋಗಬೇಕು. ಖರೀಫಿನ ಜನ ತುಂಬಿ ಬಸ್ಸು ಕಿಕ್ಕಿರಿದಿರುತ್ತದೆ. ಹೋದ ವಾರ ನನಗೆ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ಯಾವ ದೇಶದವಳೋ ಒಬ್ಬಳು ದಪ್ಪ ಚೀಲ ಹಿಡಿದು ನಿಂತಿದ್ದಳು. ತಿರುವಿನಲ್ಲಿ ಬಸ್ಸು ವಾಲಿದಾಗ ಅವಳು ತೂರಾಡಿದಳು. ಮೂರು ವರ್ಷದಿಂದ ನಾನು ಯಾರ ಚೀಲವನ್ನೂ ಇಸಿದುಕೊಂಡಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಮಡಿಲು ತಟ್ಟಿ ತೋರಿಸಿದೆ. ಅವಳಿಗೆ ತಿಳಿಯಲಿಲ್ಲ. ಸೀಟು ಬಿಟ್ಟುಕೊಡುತ್ತಿದ್ದೇನೆ ಅಂದುಕೊಂಡು ಬೇಡವೆಂದಳು. ಇನ್ನೊಮ್ಮೆ ತಟ್ಟಿದೆ. ಅನುಮಾನದಿಂದಲೇ ಕೊಟ್ಟಳು. ಭಾರವಾಗಿತ್ತು. ಅದರ ಹಿಡಿಗೆ ಅವಳ ಕೆಲಸದ ಕಾರ್ಡು ನೇತಾಡುತ್ತಿತ್ತು. ಕಾರ್ಡಿನ ಫೋಟೊ ನೋಡಿದೆ, ತಲೆಯೆತ್ತಿ ಅವಳ ಮುಖ ನೋಡಿದೆ, ಅವಳಿಗೆ ಮುಜುಗರವಾಗುವಷ್ಟು ಹೊತ್ತು ನೋಡಿದೆ. ಯಾರಾದರೂ ಕೇಳಿದರೆ ಯಾವ ಚೀಲ ಯಾರದೆಂದು ಹೇಳಲು ಬರಬೇಕು.

ಹೊರಗೆ ಮಂಜು. ಏಳು ಐವತ್ತು. ಚೀಲದ ಅಡಿಯಲ್ಲಿ ನನ್ನ ಫೋನು ಗುನುಗಿತು. "ಇಳಿದೆ ಆಪಾ."

ನಾನಿನ್ನೂ ಬಸ್ಸಿನಲ್ಲೇ ಇದ್ದೆ.